ಜಡೆಪ್ಪನಿಗೆ ಕೊಟ್ಟ ಗುಳಿಗೆ

ಕಾಲು ಮುರಿದವನನ್ನು ನೋಡಲು ಜನ ಬರುತ್ತಾರೆ, ಬಾಳೆಹಣ್ಣು ತರುತ್ತಾರೆ. ಮುರಿದ ಕಾಲು ಕೂಡಿಕೊಂಡ ಮೇಲೂ ಉರಿಯುತ್ತಿದೆ ಎಂದರೆ ಅದೇ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡು ಸಾವಿರದ ಐದರಲ್ಲಿ, ಸಂಡೂರಿನಿಂದ ನಾನು ಅದಿರು ಹೇರಿ ತಂದ ಟಿಪ್ಪರಿನ ಹಿಂಬಾಗಿಲು ಕಳಚಿ ನನ್ನ ಬಲಗಾಲಿನ ಮೇಲೆಯೇ ಬಿತ್ತು. ಎಲುಬು ನಾಲ್ಕು ತಿಂಗಳಿಗೆ ಕೂಡಿತು. ಆದರೆ ಮೊಣಕಾಲಿನಿಂದ ಕೆಳಗೆ ಹಸಿ ಖಾರ ಹಚ್ಚಿದ ಹಾಗೆ ಉರಿ. ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ಎಕ್ಸ್‌ರೇ ನೋಡಿದವರೆಲ್ಲ ಏನೂ ಇಲ್ಲ ಎಂದರು. ಏನೂ ಇಲ್ಲದ್ದು ಇಷ್ಟು ಉರಿಯುತ್ತದೆಯೇ?

ಹೊಸಪೇಟೆಯ ಡಾಕ್ಟರ್ ಶಾಂಭವಿಯವರೊಬ್ಬರೇ ನಂಬಿದರು. ಇದು ನರದ ನೋವು ಎಂದು ಗುಳಿಗೆ ಬರೆದುಕೊಟ್ಟರು. ಮೊದಲು ಸಣ್ಣ ಪ್ರಮಾಣ, ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುವುದು. ನಿದ್ದೆ ಬರುತ್ತದೆ, ಗಾಡಿ ಓಡಿಸಬೇಡಿ, ಕುಡಿಯಬೇಡಿ, ಮನಸ್ಸಿಗೆ ಬಂದಾಗ ಬಿಡಬೇಡಿ, ಇನ್ನೊಬ್ಬರಿಗೆ ಕೊಡಬೇಡಿ ಎಂದು ಬೆರಳು ಮಡಚಿ ಹೇಳಿದರು. ಇಷ್ಟು ಬೇಡಗಳನ್ನು ನನ್ನ ಅವ್ವನೂ ಹೇಳಿರಲಿಲ್ಲ.

ಸ್ಟೇರಿಂಗ್ ಬಿಟ್ಟ ಮೇಲೆ ಮಾಲೀಕ ಅಂದಾನಪ್ಪನವರು ಮಲಪನಗುಡಿ ಹತ್ತಿರದ ಕಾಟಾದಲ್ಲಿ, ಅಂದರೆ ಟಿಪ್ಪರು ತೂಗುವಲ್ಲಿ, ಚೀಟಿ ಹರಿದುಕೊಡುವ ಕೆಲಸ ಕೊಟ್ಟರು. ದಿನಕ್ಕೆ ಮುನ್ನೂರು ಗಾಡಿ ಬರುತ್ತಿದ್ದವು, ಎಲ್ಲರಿಗೂ ಜಲ್ದಿ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಹಳೆಯ ಜೊತೆಗಾರ ಜಡೆಪ್ಪನೊಬ್ಬ ಮಾತ್ರ ಮಧ್ಯಾಹ್ನ ಗಾಡಿ ಬದಿಗೆ ಹಾಕಿ, ನನ್ನ ಪಕ್ಕ ಕೂತು ರೊಟ್ಟಿ ಬಿಚ್ಚುತ್ತಿದ್ದ. ಆ ಅರ್ಧ ತಾಸಿಗಾಗಿಯೇ ನಾನು ಬೆಳಗ್ಗೆ ಏಳುತ್ತಿದ್ದೆ ಎಂದರೆ ಸುಳ್ಳಲ್ಲ.

ಅದಿರು ಗಾಡಿಗಳ ಸಾಲಿನಲ್ಲಿ ಒಂದು ರೂಢಿಯಿದೆ. ಒಬ್ಬನ ಬುತ್ತಿ ಎಲ್ಲರ ಬುತ್ತಿ, ಒಬ್ಬನ ತಂಬಾಕು ಎಲ್ಲರ ತಂಬಾಕು. ತಲೆನೋವಿನ ಗುಳಿಗೆಯೂ ಹಾಗೆಯೇ ಕೈಯಿಂದ ಕೈಗೆ ಹೋಗುತ್ತದೆ. ಕೇಳಿದಾಗ ಇಲ್ಲ ಎಂದವನನ್ನು ಆಮೇಲೆ ಯಾರೂ ಊಟಕ್ಕೆ ಕರೆಯುವುದಿಲ್ಲ. ಒಂದು ದಿನ ಜಡೆಪ್ಪ ಸೊಂಟ ಹಿಡಿದುಕೊಂಡು ಬಂದು ನನ್ನ ಗುಳಿಗೆ ಕೇಳಿದ. ಡಾಕ್ಟರ ಮಾತು ಚೆನ್ನಾಗಿ ನೆನಪಿತ್ತು. ಇಲ್ಲವೆಂದರೆ ನಾಳೆಯಿಂದ ಬರಲಿಕ್ಕಿಲ್ಲ ಎಂದು ಹೆದರಿ ಎರಡು ಕೊಟ್ಟೆ, ಒಂದು ಇವತ್ತಿಗೆ, ಒಂದು ನಾಳೆಗೆ. ಅವನು ಎರಡನ್ನೂ ಒಟ್ಟಿಗೇ ನುಂಗಿ ನೀರು ಕುಡಿದ. ನಾನು ಮೂರು ವಾರದಲ್ಲಿ ಏರಿದ್ದನ್ನು ಅವನು ಒಂದೇ ಗುಟುಕಿನಲ್ಲಿ ದಾಟಿದ್ದ. ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಎರಡು ತಾಸಿನೊಳಗೆ ಅವನ ಟಿಪ್ಪರ್ ರಸ್ತೆ ಬಿಟ್ಟು ಕಬ್ಬಿನ ಗದ್ದೆಗೆ ನುಗ್ಗಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿಸಿದಾಗ ಅವನ ನಾಲಿಗೆ ತೊದಲುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಕುಡಿದಿದ್ದಾನೆ ಎಂದು ಅಂದಾನಪ್ಪನವರು ಕೆಲಸದಿಂದ ತೆಗೆದರು. ದೇವರ ಮುಂದೆ ಆಣೆ ಮಾಡಿ ಹೆಂಡ ಬಿಟ್ಟು ಆರು ವರ್ಷವಾಗಿದ್ದ ಮನುಷ್ಯ. ಆಣೆ ಮುರಿದನೆಂದು ಹೆಂಡತಿ ಸುಂಕಮ್ಮ ಕಂಪ್ಲಿಯ ತವರಿಗೆ ಹೋದಳು.

ನಾನು ಕಳ್ಳನ ಹಾಗೆ ಸುಮ್ಮನಿದ್ದೆ. ನಾಚಿಕೆಗೆ ನನ್ನ ಗುಳಿಗೆಗಳನ್ನೂ ತಿಪ್ಪೆಗೆ ಎಸೆದೆ. ಮೂರೇ ದಿನಕ್ಕೆ ಬೆವರು, ನಡುಕ, ನಿದ್ದೆಯಿಲ್ಲ, ಉರಿ ಎರಡು ಪಟ್ಟು. ಏಕಾಏಕಿ ಯಾಕೆ ಬಿಟ್ಟಿರಿ ಎಂದು ಡಾಕ್ಟರ್ ಬೈದಾಗ ನಿಜ ಬಾಯಿಂದ ಹೊರಬಿತ್ತು. ಮತ್ತೆ ಸಣ್ಣ ಪ್ರಮಾಣದಿಂದ ಶುರುಮಾಡಿಸಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಇದನ್ನ ನನಗ ಹೇಳಿದ್ರ ಏನ್ ಬಂತ್ರಿ? ಅವರಿಗೆ ಹೇಳ್ರಿ."

ಹೇಳಲು ನಾನು ಹೋಗಲಿಲ್ಲ. ಹದಿನೈದನೆಯ ದಿನ ಜಡೆಪ್ಪನೇ ನಡೆದುಕೊಂಡು ಬಂದು ಪಕ್ಕದಲ್ಲಿ ಕೂತ. ಗಡ್ಡ ಬೆಳೆದಿತ್ತು.

"ಲೇ ನಾಗಭೂಷಣ, ನಾ ಕುಡುದಿಲ್ಲ. ನೀನಾರ ನಂಬ್ತಿ ಹೌದಿಲ್ಲೋ?"

ನಂಬುತ್ತೇನೆ ಎಂದಷ್ಟೇ ಹೇಳಿದ್ದರೆ ಅವನು ಸಾಯುವ ತನಕ ನನ್ನವನಾಗಿರುತ್ತಿದ್ದ. ಆ ಆಸೆ ತುಟಿಯವರೆಗೂ ಬಂದಿತ್ತು.

"ನನ್ನ ಗುಳಿಗಿ ಮಾಡಿದ್ದದು. ನಿದ್ದಿ ಬರ್ತೈತಿ ಅಂತ ನನಗ ಗೊತ್ತಿತ್ತು," ಎಂದೆ.

ಜಡೆಪ್ಪ ನನ್ನ ಪಕ್ಕದಿಂದ ಸರಿದು ಕೂತ. ನಾಲ್ಕೇಟು ಹೊಡೆದಿದ್ದರೂ ಸಮಾಧಾನವಾಗುತ್ತಿತ್ತು.

"ಗುಳಿಗಿ ಕೊಟ್ಟಿದ್ದು ಇರ್ಲಿ. ಹದಿನೈದು ದಿನ ಸುಮ್ಮನ ಹೆಂಗ ಕುಂತಿ?"

ಅವನು ಎದ್ದು ಹೋದ.

ಅವತ್ತೇ ಕುಂಟುತ್ತ ಅಂದಾನಪ್ಪನವರ ಬಳಿ ಹೋಗಿ, ಡಾಕ್ಟರ ಚೀಟಿ ತೋರಿಸಿ, ಎಲ್ಲ ಹೇಳಿದೆ. ಮರುದಿನ ಬಸ್ಸು ಹತ್ತಿ ಕಂಪ್ಲಿಗೆ ಹೋಗಿ ಸುಂಕಮ್ಮನಿಗೂ ಹೇಳಿದೆ. ಅವಳು ನೀರು ಕುಡಿ ಎಂದು ಕೂಡ ಅನ್ನಲಿಲ್ಲ. ಅವನಿಗೆ ಕೆಲಸ ಮರಳಿತು, ಹೆಂಡತಿಯೂ ಮರಳಿದಳು.

ಈಗ ಜಡೆಪ್ಪನ ಗಾಡಿ ದಿನಾ ನನ್ನ ಕಾಟಾದ ಮೇಲೆ ನಿಲ್ಲುತ್ತದೆ. ಕಿಟಕಿಯಿಂದ ಕೈ ಚಾಚಿ ಚೀಟಿ ತೆಗೆದುಕೊಳ್ಳುತ್ತಾನೆ, ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ನಾನು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತೇನೆ. ಯಾರಿಗೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಮೊನ್ನೆ ಬೆಳಗ್ಗೆ ಎದ್ದಾಗ ಕಾಲಿನ ಉರಿ ಅರ್ಧಕ್ಕರ್ಧ ಇಳಿದಿತ್ತು. ಇದನ್ನು ಮೊದಲು ಜಡೆಪ್ಪನಿಗೆ ಹೇಳಬೇಕು ಅನ್ನಿಸಿತು.