ಸಂಜೆ ಬಸ್ಸಿನ ಲಗ್ನಪತ್ರಿಕೆ

“ಆ ಹಲಗೆ ಹಾಕ್ಬೇಡ ಪೊನ್ನಪ್ಪ! ಪ್ರೆಸ್ಸಿನ ಬಾಗಿಲು ತೆರೆದೇ ಇರ್ಲಿ,” ಎಂದು ಬೊಳ್ಳಮ್ಮ ನಡುಮನೆಯಿಂದಲೇ ಕೂಗಿದಳು.

ಅಂಗಡಿ ಬಾಗಿಲಿನ ಹಲಗೆಯನ್ನು ಎತ್ತಿ ಹಿಡಿದಿದ್ದ ಅವಳ ತಮ್ಮ ಹಾಗೆಯೇ ನಿಂತ. “ಸಾವಿನ ಮನೆ ಅಕ್ಕ. ಅಂಗಡಿ ತೆರೆದಿಟ್ರೆ ಜನ ಎಂತ ಹೇಳಿಯಾರು?”

“ಎಂತ ಬೇಕಾದ್ರೂ ಹೇಳ್ಲಿ. ಅವರನ್ನ ಇಲ್ಲಿ ಕತ್ತಲೆ ಕೋಣೆಯಲ್ಲಿ ಮಲಗಿಸೋದು ಬೇಡ. ಅಲ್ಲಿ, ಮಿಷನ್ನಿನ ಪಕ್ಕ ಮಲಗಿಸಿ. ಬಂದವರು ಅವರನ್ನೂ ನೋಡ್ಲಿ, ಅವರು ಕಟ್ಟಿದ್ದನ್ನೂ ನೋಡ್ಲಿ.”

ಗಂಡ ಸತ್ತ ದಿನ ಹೆಂಡತಿಯ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ? ನಾಲ್ಕು ಜನ ಸೇರಿ ಕುಶಾಲಪ್ಪನನ್ನು ಹೊತ್ತು ತಂದರು. ಅಚ್ಚಿನ ಮೊಳೆಗಳನ್ನಿಟ್ಟ ಮರದ ಕೇಸುಗಳಿಗೂ ಕಾಲಿನಿಂದ ತುಳಿಯುವ ಟ್ರೆಡಲ್ ಮಿಷನ್ನಿಗೂ ನಡುವೆ ಹೊಸ ಚಾಪೆ ಹಾಸಿದರು. ತಲೆ ದಕ್ಷಿಣಕ್ಕೆ ಬರಬೇಕೆಂದು ಕಾಗದದ ರೀಮುಗಳನ್ನೆಲ್ಲ ಗೋಡೆಯ ಕಡೆಗೆ ಸರಿಸಬೇಕಾಯಿತು. ಬೊಳ್ಳಮ್ಮ ತಲೆಯ ಹತ್ತಿರ ದೀಪ ಹಚ್ಚಿಟ್ಟು, ಸೆರಗು ಸುತ್ತಿಕೊಂಡು ಪಕ್ಕದಲ್ಲಿ ಕೂತಳು.

ಕುಶಾಲಪ್ಪ ಜೀವ ಬಿಟ್ಟದ್ದೂ ಅಲ್ಲೇ. ಬೆಳಗ್ಗೆ ಕಾಫಿ ಕುಡಿದು, ಜೋಡಿಸಿದ ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಅದನ್ನು ತಾನೇ ಎತ್ತಿ ಟ್ರೆಡಲ್ಲಿಗೆ ಕೂರಿಸಿದ್ದ. ಮಿಷನ್ ತುಳಿಯುವ ಚೆನ್ನಯ್ಯನಿಗೆ, “ಮಸಿ ಹಾಕು ಮಾರಾಯ, ಹೊತ್ತಾಯ್ತು,” ಎಂದವನು ಮುಕ್ಕಾಲಿಯ ಮೇಲೆ ಕೂತು ಗೋಡೆಗೊರಗಿದ. ಚೆನ್ನಯ್ಯ ಮಸಿಯ ಡಬ್ಬ ಹಿಡಿದು ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿಲ್ಲ. ಬೆಂಕಿ ಇಡಲು ಸಂಪಾಜೆಯಿಂದ ಅಣ್ಣನ ಮಗ ಬರಬೇಕು. ಸುದ್ದಿ ತಿಳಿಸಲು ಬೆಳಗಿನ ಬಸ್ಸಿನಲ್ಲಿ ಆಳು ಹೋಗಿದ್ದ. ನೆಂಟರು ಲಾರಿ ಹಿಡಿದು ಘಟ್ಟ ಹತ್ತಿ ಬರುವವರೆಗೆ ಕಾಯುವುದಷ್ಟೆ.

ಅಷ್ಟರಲ್ಲಿ ಮಡಿಕೇರಿ ಪೇಟೆಯೇ ಬಂತು. ಕಮಿಷನರ ಕಚೇರಿಯ ಗುಮಾಸ್ತರು ಬಂದರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬಂದರು, ಮಲೆಯಾಳಿ ಚಾ ಅಂಗಡಿಯವನು ಬಂದ, ಜವಳಿ ಸಾಹೇಬರು ಟೋಪಿ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು. ಬಂದವರೆಲ್ಲ ಮೊದಲು ಹೆಣ ನೋಡಿದರು, ಆಮೇಲೆ ಗೋಡೆ ನೋಡಿದರು. ಗೋಡೆಯ ತುಂಬ ಕುಶಾಲಪ್ಪ ಅಚ್ಚು ಹಾಕಿದ ಕಾಗದಗಳ ಮಾದರಿ. ಕಾಫಿ ಮೂಟೆಯ ಚೀಟಿ, ಹರಾಜಿನ ನೋಟೀಸು, ನಾಟಕದ ಕರಪತ್ರ, ಶಾಲೆಯ ಬಹುಮಾನದ ಕಾಗದ.

“ನಮ್ಮ ಅಂಗಡಿಯ ಹೆಸರು ಅಚ್ಚಲ್ಲಿ ಮೊದ್ಲು ನೋಡಿದ್ದು ಇವರ ಕೈಲೇ ಅಮ್ಮ,” ಎಂದರು ಸಾಹೇಬರು. “ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.”

ಬೊಳ್ಳಮ್ಮನಿಗೆ ಅಳುವಿನ ನಡುವೆಯೂ ಎದೆ ಉಬ್ಬಿತು. ಉಬ್ಬಿದರೆ ತಪ್ಪೇನು? ಸಂಪಾಜೆಯ ಗದ್ದೆಯಿಂದ ಎದ್ದು ಬಂದ ಗೌಡರ ಹುಡುಗ ಒಬ್ಬ ಊರಿನ ಮಾತಿಗೆಲ್ಲ ಅಚ್ಚು ಹಾಕಿದ್ದ.

ಆಗ ಬಾಗಿಲಲ್ಲಿ ಬೆಳ್ಳಿಯಪ್ಪ ಕಾಣಿಸಿದ. ಮಾದಾಪುರದ ಕಾಫಿ ಬೆಳೆಗಾರ. ಮಗಳ ಲಗ್ನಪತ್ರಿಕೆಯ ಕಟ್ಟು ಒಯ್ಯಲೆಂದು ಪೇಟೆಗೆ ಬಂದವನು ಸಾವಿನ ಮನೆಗೆ ಬಂದು ನಿಂತಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ. ಆದರೆ ಅವನ ಕಣ್ಣು ಹೆಣದ ಮೇಲೆ ನಿಲ್ಲಲಿಲ್ಲ. ಮತ್ತೆ ಮತ್ತೆ ಟ್ರೆಡಲ್ಲಿನ ಕಡೆಗೇ ಹೋಗುತ್ತಿತ್ತು. ಅಲ್ಲಿ ಬಿಗಿದ ಚೌಕಟ್ಟಿನಲ್ಲಿ ಇದ್ದದ್ದು ಅವನ ಮಗಳ ಹೆಸರೇ.

“ಅದು ನಿಮ್ಮದೇ ಅಲ್ವಾ ಬೆಳ್ಳಿಯಪ್ಪನವರೇ?” ಎಂದಳು ಬೊಳ್ಳಮ್ಮ.

ಬೆಳ್ಳಿಯಪ್ಪನ ಮುಖ ಸಣ್ಣದಾಯಿತು. “ಅಯ್ಯೋ, ಇವತ್ತು ಆ ಮಾತು ಬೇಡಮ್ಮ. ನಾನು ಅದಕ್ಕೆ ಬಂದದ್ದಲ್ಲ.”

“ಅದಕ್ಕೇ ಬಂದದ್ದು. ಯಾವತ್ತಿಗೆ ಕೊಡ್ತೇನೆ ಅಂದಿದ್ರು?”

“ಇವತ್ತು ಸಂಜೆ ಬಸ್ಸಿಗೆ. ವಿರಾಜಪೇಟೆಯಲ್ಲಿ ತಮ್ಮಂದಿರು ಕಾಯ್ತಾ ಇದ್ದಾರೆ. ನಾಳೆ ಬೆಳಗಾದ್ರೆ ಊರೂರಿಗೆ ಕರೀಲಿಕ್ಕೆ ಹೊರಡ್ಬೇಕು. ಇರ್ಲಿ ಬಿಡಿ, ಬಾಯಲ್ಲೇ ಕರೆದ್ರಾಯ್ತು. ಮೊದಲೆಲ್ಲ ಹಾಗೇ ತಾನೇ ಕರೀತಾ ಇದ್ದದ್ದು?”

ಬೊಳ್ಳಮ್ಮ ಮಿಷನ್ನನ್ನೇ ನೋಡಿದಳು. ಅವಳ ಗಂಡ ಪ್ರೆಸ್ಸು ತೆರೆದ ಮೇಲೆ ಹೇಳಿದ ದಿನ ತಪ್ಪಿಸಿದ್ದೇ ಇಲ್ಲ. ಮಳೆಗೆ ಹೊಳೆ ತುಂಬಿ ಬಸ್ಸು ನಿಂತಾಗ ಅರಿವೆ ಎಣ್ಣೆಯಲ್ಲಿ ಅದ್ದಿ ಕಟ್ಟು ಸುತ್ತಿ, ತಲೆಯ ಮೇಲಿಟ್ಟುಕೊಂಡು ನಡೆದು ಹೋಗಿ ಕೊಟ್ಟು ಬಂದವನು. ಈಗ ಸತ್ತ ದಿನವೇ ಅವನ ಮಾತು ತಪ್ಪಿಹೋಗುತ್ತದೆ. ನಾಳೆ ಪೇಟೆಯಲ್ಲಿ ಅಯ್ಯೋ ಪಾಪ ಎನ್ನುತ್ತಾರೆ, ನಿಜ. ಆದರೆ ಮಾತು ತಪ್ಪಿತು ಎಂಬುದು ತಪ್ಪಿತೇ. ಅದನ್ನು ನೆನೆಸಿದರೆ ಅವಳಿಗೆ ಸಾವಿಗಿಂತ ಹೆಚ್ಚು ಸಂಕಟವಾಯಿತು.

“ಚೆನ್ನಯ್ಯ, ಈಗ್ಲೇ ತುಳಿದ್ರೆ?” ಎಂದಳು.

ಚೆನ್ನಯ್ಯ ಕಣ್ಣೊರೆಸಿಕೊಂಡ. “ಅಮ್ಮ, ಸೂತಕದ ಮನೆ. ಇಲ್ಲಿಯ ಮೊಳೆಯಲ್ಲಿ ಮದುವೆ ಕಾಗದ ಅಚ್ಚಾದ್ರೆ ಯಾರು ಮುಟ್ಟಿಯಾರು? ಪಾಪ, ಆ ಹೆಣ್ಣು ಮಗಳಿಗೆ ಒಳ್ಳೇದಾಗ್ಬೇಡ್ವಾ?” ಆಮೇಲೆ ತಲೆ ತಗ್ಗಿಸಿ, ಕೇಳಿಸಿಯೂ ಕೇಳಿಸದ ಹಾಗೆ ಸೇರಿಸಿದ. “ಮಾಡಿದ್ರೆ ದೇರಪ್ಪನವರೇ ಮಾಡ್ಬೇಕು. ಬೆಳಗ್ಗಿಂದ ಎದುರು ಜಗುಲಿಯಲ್ಲಿ ನಿಂತಿದ್ದಾರೆ.”

ಸುತ್ತ ಕೂತಿದ್ದ ಹೆಂಗಸರು ಬೊಳ್ಳಮ್ಮನ ಮುಖ ನೋಡಿದರು. ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

*

ಕುಶಾಲಪ್ಪ ಕೆಲಸ ಕಲಿತದ್ದು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ. ಅಲ್ಲಿಯ ಮೇಸ್ತ್ರಿ ಬಣ್ಣದ ಮಸಿ ಬೆರೆಸುವಾಗ ಪರದೆ ಎಳೆದುಕೊಳ್ಳುತ್ತಿದ್ದ. ಯಾವುದಕ್ಕೆ ಎಷ್ಟು ಎಣ್ಣೆ, ಮಳೆಗಾಲದಲ್ಲಿ ಏನು ಸೇರಿಸಬೇಕು, ಒಂದನ್ನೂ ಬಾಯಿಬಿಡುತ್ತಿರಲಿಲ್ಲ. ಒಂದು ದಿನ ಮೇಸ್ತ್ರಿ ಜ್ವರ ಬಂದು ಹೋಗಿಬಿಟ್ಟ. ಮಸಿಯ ವಿದ್ಯೆಯೂ ಹೋಯಿತು. ವರ್ಷವಿಡೀ ಅಲ್ಲಿಯ ಕೆಂಪು ಮಸಿ ಕಂದು ಬಣ್ಣಕ್ಕೆ ಬಂತಂತೆ, ಗಿರಾಕಿಗಳು ಬೈದು ಹೋದರಂತೆ. ಕುಶಾಲಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಎತ್ತಿನ ಗಾಡಿಯಲ್ಲಿ ಹಳೆಯ ಟ್ರೆಡಲ್ ಹೇರಿಕೊಂಡು ಮಡಿಕೇರಿಗೆ ಬಂದು ‘ಸಂಪಾಜೆ ಪ್ರೆಸ್’ ಎಂದು ಬೋರ್ಡು ಹಾಕಿದಾಗ ಮಸಿಯ ಮೇಜನ್ನು ಬಾಗಿಲಿನ ಎದುರೇ ಇಟ್ಟ. ದಾರಿಹೋಕರೂ ನೋಡಿಕೊಂಡು ಹೋಗಬಹುದಿತ್ತು.

ಹಾಗೆ ಅವನ ಕೈಕೆಳಗೆ ಕಲಿತವರಲ್ಲಿ ಎಲ್ಲರಿಗಿಂತ ಚುರುಕು ದೇರಪ್ಪ. ಊರ ಕಡೆಯ ಹುಡುಗ, ಬೊಳ್ಳಮ್ಮನೇ ಅನ್ನ ಬಡಿಸಿ ಬೆಳೆಸಿದವನು. ಅವನು ಒಂದು ದಿನ ಬಂದು, ಕೆಳಗಿನ ಪೇಟೆಯಲ್ಲಿ ತನ್ನದೇ ಪ್ರೆಸ್ಸು ಹಾಕುತ್ತೇನೆ ಎಂದ. ಬೊಳ್ಳಮ್ಮನ ಕೈಯಲ್ಲಿದ್ದ ಚಂಬು ಕೆಳಗೆ ಬಿತ್ತು. ಕುಶಾಲಪ್ಪನಿಗೋ ಹಬ್ಬ!

“ಕೂತ್ಕೊ, ಕೇಳು,” ಎಂದು ಹುಡುಗನನ್ನು ಪಕ್ಕಕ್ಕೆ ಎಳೆದುಕೊಂಡ. “ನನ್ನಿಂದ ರೇಟು ಇಳಿಸ್ಬೇಡ. ಇಳಿಸಿದ್ರೆ ಇಬ್ರೂ ಮುಳುಗ್ತೇವೆ. ಸಣ್ಣ ಕೆಲ್ಸ ಅಂತ ಯಾರನ್ನೂ ತಿರುಗಿ ಕಳಿಸ್ಬೇಡ. ಇವತ್ತು ಚೀಟಿ ಹಾಕ್ಸಿದವ ನಾಳೆ ಮಗಳ ಮದುವೆಗೆ ಬರ್ತಾನೆ. ಪ್ರೂಫನ್ನ ಗಿರಾಕಿ ಕೈಗೆ ಕೊಟ್ಟು ಸುಮ್ನಿರ್ಬೇಡ, ಎದುರು ಕೂರಿಸಿ ಓದಿ ಹೇಳು. ಅವ ನೋಡದೇ ಸರಿ ಅಂತಾನೆ, ಆಮೇಲೆ ತಪ್ಪು ನಿಂದೇ ಅಂತಾನೆ. ಆಗೋದಿಲ್ಲ ಅಂದ್ರೆ ಮೊದಲ್ನೇ ದಿನವೇ ಆಗೋದಿಲ್ಲ ಅನ್ನು. ಆಗ್ತದೆ ಅಂದ್ಯೋ, ತಲೆ ಹೋದ್ರೂ ಕೊಡು.”

ಅಷ್ಟಕ್ಕೂ ನಿಲ್ಲಲಿಲ್ಲ ಮಹಾರಾಯ. ಒಂದು ಎಸ್ಟೇಟಿನವರು ಕಾಫಿ ಕೊಯ್ಲಿನ ಲೆಕ್ಕ ಬರೆಯುವ ಪಿಕಿಂಗ್ ಕಾರ್ಡುಗಳ ಕೆಲಸವನ್ನೂ ಎತ್ತಿ ಅವನ ಕೈಗೇ ಕೊಟ್ಟ.

ಬೊಳ್ಳಮ್ಮನಿಗೆ ಮೈಯೆಲ್ಲ ಉರಿಯಿತು. “ನಮ್ಮ ಅನ್ನ ಉಂಡು ನಮ್ಮ ಗಿರಾಕಿಯನ್ನೇ ಎಳೀಲಿಕ್ಕೆ ಹೊರಟಿದ್ದೀಯಾ? ಇನ್ನು ಈ ಹೊಸಿಲು ತುಳಿದ್ರೆ ನೋಡು!” ಎಂದು ಬಾಯಿಗೆ ಬಂದಂತೆ ಬೈದಳು. ದೇರಪ್ಪ ಅಳುತ್ತಾ ಇಳಿದು ಹೋದ.

“ಬೊಳ್ಳಮ್ಮ, ಪೇಟೆಗೆ ಒಂದೇ ಪ್ರೆಸ್ಸಿದ್ರೆ ಜನ ಮಂಗಳೂರಿಗೆ ಹೋಗ್ತಾರೆ,” ಎಂದ ಕುಶಾಲಪ್ಪ ಮೆತ್ತಗೆ. “ಎರಡಿದ್ರೆ ಇಲ್ಲೇ ಇರ್ತಾರೆ.”

ಅವಳು ಕೇಳಲಿಲ್ಲ. ಗಂಡ ದಿನಾ ಸಂಜೆ ತಿರುಗಾಡಿ ಬರುತ್ತೇನೆಂದು ಕೆಳಗಿನ ಪೇಟೆಗೇ ಹೋಗುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು. ದೇರಪ್ಪನ ಮದುವೆಗೂ ಹೋಗಲಿಲ್ಲ, ಮಗುವಿನ ನಾಮಕರಣಕ್ಕೂ ಹೋಗಲಿಲ್ಲ.

*

ಬೊಳ್ಳಮ್ಮ ಹೆಣದ ಪಕ್ಕದಿಂದ ಎದ್ದಳು. “ಎಲ್ಲಿಗೆ ಅಕ್ಕ?” ಎಂದ ಪೊನ್ನಪ್ಪನಿಗೆ ಉತ್ತರ ಕೊಡದೆ ರಸ್ತೆ ದಾಟಿದಳು. ಎದುರಿನ ಬಟ್ಟೆ ಅಂಗಡಿಯ ಜಗುಲಿಯಲ್ಲಿ ದೇರಪ್ಪ ಕಂಬ ಹಿಡಿದು ನಿಂತಿದ್ದ. ಅವಳು ಬರುವುದನ್ನು ಕಂಡು ಜಗುಲಿಯಿಂದ ಇಳಿದ. ಬೈಯಲು ಬಂದಳು ಎಂದೇ ಅವನಿಗೆ ಅನ್ನಿಸಿರಬೇಕು.

“ಅತ್ತಿಗೆ, ನಂಗೆ ಬೇರೆ ಎಂಥದೂ ಬೇಡ,” ಎಂದ, ಗೌಡರ ಮನೆಮಾತಾದ ಅರೆಭಾಷೆಯಲ್ಲಿ. “ಅಣ್ಣನ ಮೋರೆ ಒಂದ್ಸಲ ನೋಡಿಕೆ ಬುಡಿ. ಹೆಗಲು ಕೊಡಿಕೆ ಬುಡಿ.”

ಬೊಳ್ಳಮ್ಮ ಕೇಳಲು ಬಂದದ್ದು ಅದಕ್ಕಿಂತ ಕಠಿಣವಾದದ್ದು.

“ಹೆಗಲು ಕೊಡ್ಬೇಡ ದೇರಪ್ಪ,” ಎಂದಳು. “ಬೇರೆ ಒಂದು ಕೆಲ್ಸ ಉಟ್ಟು. ನೀನಲ್ಲದೆ ಮಾಡುವವರು ಇಲ್ಲೆ.”

ಅವಳು ಹೇಳಿದಳು, ಅವನು ಕೇಳಿದ. ಬೆಳ್ಳಿಯಪ್ಪನೂ ಹಿಂದೆಯೇ ಬಂದು ನಿಂತಿದ್ದ. ಈ ಮನೆಯ ಮೊಳೆಯೂ ಬೇಡ, ಕಾರ್ಡೂ ಬೇಡ; ಮದುವೆ ಕಾಗದ ಅಚ್ಚು ಹಾಕುವವನು ಸೂತಕದ ಹೊಸಿಲು ದಾಟುವಂತೆಯೂ ಇಲ್ಲ. ಎಲ್ಲವನ್ನೂ ದೇರಪ್ಪ ತನ್ನಲ್ಲೇ ಮೊದಲಿನಿಂದ ಜೋಡಿಸಬೇಕು. ಒಕ್ಕಣೆಯನ್ನು ಬೆಳ್ಳಿಯಪ್ಪ ಮತ್ತೆ ಬರೆದು ಕೊಡುತ್ತಾನೆ. ಸಂಜೆ ಬಸ್ಸಿಗೆ ಮುಗಿಯಬೇಕಾದರೆ ಈಗಲೇ ಹೊರಡಬೇಕು. ಹೆಣ ಎತ್ತುವ ಹೊತ್ತಿಗೆ ಅವನ ಕಾಲು ಟ್ರೆಡಲ್ಲಿನ ಮೇಲಿರಬೇಕು.

“ಆಮೇಲೆ ಅಣ್ಣನ್ನ ನೋಡಿಕೆ ಸಿಕ್ಕುವುದಿಲ್ಲೆ ಅತ್ತಿಗೆ,” ಎಂದ ದೇರಪ್ಪ. ಮುಖ ಮಗುವಿನದರಂತೆ ಸೊಟ್ಟಗಾಯಿತು.

“ನಂಗೆ ಗೊತ್ತುಟ್ಟು.” ಬೊಳ್ಳಮ್ಮನೂ ಅತ್ತಳು. “ನಿಂಗೆ ಅಂದು ಬೈದದ್ದೂ ನೆನಪುಟ್ಟು. ಇಷ್ಟು ವರ್ಷ ನಿನ್ನ ಮನೆ ನೀರು ಕುಡಿಯದವಳು ಇವತ್ತು ಬೇಡಿಕೊಂಡು ಬಂದೊಳೆ. ಅವರ ಮಾತು ತಪ್ಪಿಕೆ ಬುಡ್ಬೇಡ.”

ದೇರಪ್ಪ ರಸ್ತೆಯಲ್ಲೇ ನಿಂತು, ತೆರೆದ ಬಾಗಿಲಿನ ಮೂಲಕ ಒಳಗೆ ದೂರದಿಂದ ಕಂಡಷ್ಟು ನೋಡಿದ. ದೀಪದ ಬೆಳಕು, ಬಿಳಿ ಪಂಚೆ, ಎರಡು ಪಾದ. ಕೈ ಮುಗಿದು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ಕಾರ್ಡಿನ ಕೆಳಗೆ ಯಾರ ಪ್ರೆಸ್ಸಿನ ಹೆಸರು ಹಾಕಲಿ ಅತ್ತಿಗೆ?”

“ಕೆಲ್ಸ ನಿಂದು, ಹೆಸರೂ ನಿಂದೇ ಹಾಕು. ಅವರಿದ್ದಿದ್ರೂ ಅದನ್ನೇ ಹೇಳ್ತಿದ್ರು.”

ದೇರಪ್ಪ ಇಳಿಜಾರಿನಲ್ಲಿ ಓಡಿದ. ಬೆಳ್ಳಿಯಪ್ಪ ಕೊಡೆ ಊರಿಕೊಂಡು ಅವನ ಹಿಂದೆ ಓಡಿದ. ನೋಡಿದವರು, ಬೊಳ್ಳಮ್ಮ ಗಂಡ ಸತ್ತ ದಿನವೂ ಆ ಹುಡುಗನನ್ನು ಬೈದು ಅಟ್ಟಿದಳು ಎಂದುಕೊಂಡರು. ಪೇಟೆಯ ಬಾಯಿ ಗೊತ್ತಲ್ಲ.

*

ಸಂಪಾಜೆಯ ಲಾರಿ ಬಂತು. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಚಟ್ಟ ಎತ್ತಿದರು. ಮುಂದೆ ಸಾವಿನ ಗುಂಡು ಹಾರಿಸಲು ಕೋವಿ ಹಿಡಿದ ನೆಂಟ, ಹಿಂದೆ ಬೊಳ್ಳಮ್ಮ, ಪೇಟೆಯ ಜನ. ಮೆರವಣಿಗೆ ಹೋದಲ್ಲೆಲ್ಲ ಅಂಗಡಿಯವರು ಹಲಗೆ ಹಾಕಿ, ಕೈಮುಗಿದು ಹೊರಗೆ ನಿಂತರು. ಇಂಥ ಮರ್ಯಾದೆ ದಿವಾನರಿಗೂ ಸಿಕ್ಕಿರಲಿಕ್ಕಿಲ್ಲ ಎಂದು ಬೊಳ್ಳಮ್ಮನಿಗೆ ಅನ್ನಿಸಿತು.

ಕೆಳಗಿನ ಪೇಟೆಗೆ ಬರುತ್ತಿದ್ದಂತೆ ಖಟ್ ಖಟ್ ಖಟ್ ಎಂಬ ಸದ್ದು ಕೇಳಿತು. ಸಾಲಿಗೆ ಸಾಲೇ ಮುಚ್ಚಿದ್ದ ಅಂಗಡಿಗಳ ನಡುವೆ ಒಂದು ಬಾಗಿಲು ಮಾತ್ರ ಹಾರು ಹೊಡೆದಿತ್ತು. ಒಳಗೆ ಮಿಷನ್ ಓಡುತ್ತಿತ್ತು.

“ನೋಡ್ರಪ್ಪ ಗುರುಭಕ್ತಿ!” ಎಂದ ಯಾರೋ.

“ಕಲಿಸಿದವನ ಹೆಣ ಬಾಗಿಲಲ್ಲಿ ಹೋಗ್ತಾ ಉಂಟು, ಇವನಿಗೆ ದುಡ್ಡಿನ ಚಿಂತೆ. ಮಾನ ಮರ್ಯಾದೆ ಬೇಡ್ವಾ?”

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಪೊನ್ನಪ್ಪನ ಮುಖ ಕೆಂಪಾಯಿತು. ಚಟ್ಟವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿ, “ಇವತ್ತು ಆ ಮಿಷನ್ನನ್ನ ಬೀದಿಗೆ ಎಳೆದು ಹಾಕ್ತೇನೆ,” ಎಂದು ಬಾಗಿಲಿಗೆ ನುಗ್ಗಿದ. ಒಳಗಿದ್ದ ಬೆಳ್ಳಿಯಪ್ಪ ಅಡ್ಡ ಬಂದು ಏನೋ ಹೇಳತೊಡಗಿದ. ಪೊನ್ನಪ್ಪ ಅವನನ್ನೂ ತಳ್ಳಿದ.

“ಪೊನ್ನಪ್ಪಾ!”

ಬೊಳ್ಳಮ್ಮನ ಕೂಗಿಗೆ ಇಡೀ ಮೆರವಣಿಗೆ ನಿಂತಿತು. ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. “ಯಾರೂ ಆ ಮಿಷನ್ ಮುಟ್ಟಬಾರ್ದು. ಅದನ್ನ ಓಡಿಸ್ಲಿಕ್ಕೆ ಹೇಳಿದವಳು ನಾನು. ನನ್ನ ಗಂಡ ಇವತ್ತು ಸಂಜೆಗೆ ಕೊಡ್ತೇನೆ ಅಂದ ಕೆಲ್ಸ ಅದು. ಅವ ಅಲ್ಲಿ ನಿಂತದ್ದು ನನ್ನ ಮಾತಿಗೆ.” ಅವಳು ಚಟ್ಟ ಹೊತ್ತವರ ಕಡೆ ತಿರುಗಿದಳು. “ಚಟ್ಟ ಇಳಿಸಿ. ಇಲ್ಲೇ, ಈ ಬಾಗಿಲ ಎದುರು. ಮೋರೆ ಒಳಗಿನ ಕಡೆಗೆ ಬರುವ ಹಾಗೆ.”

ಚಟ್ಟ ಇಳಿಯಿತು. ಗೊಣಗಿದವರು ತಲೆ ತಗ್ಗಿಸಿದರು. ಜವಳಿ ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬೊಳ್ಳಮ್ಮ ಸೂತಕದವಳೆಂದು ಹೊಸಿಲಿನಿಂದ ದೂರವೇ ನಿಂತು ಒಳಗೆ ನೋಡಿದಳು. ಎಷ್ಟು ಚಂದದ ಕೆಲಸ! ಗಂಡನ ಕೈ ಹೇಗೆ ಓಡುತ್ತಿತ್ತೋ ಹಾಗೇ ಓಡುವ ಕೈ. ಮೇಜಿನ ಮೇಲೆ ಅರಿಶಿನ ಬಣ್ಣದ ಕಾರ್ಡುಗಳು ಸಾಲಾಗಿ ಒಣಗುತ್ತಿದ್ದವು. ಅಚ್ಚಾದ ಕೆಂಪು ಕೆಂಪಾಗಿಯೇ ಇತ್ತು.

“ನಿಲ್ಲಿಸ್ಬೇಡ ದೇರಪ್ಪ,” ಎಂದಳು. “ಅವರು ನೋಡ್ತಾ ಒಳೊ.”

ದೇರಪ್ಪ ತಿರುಗಲಿಲ್ಲ. ಮಿಷನ್ನಿನ ಎರಡು ದವಡೆಗಳ ನಡುವೆ ಕೈ ಹೋಗಿ ಬರುವಾಗ ಕಣ್ಣು ಅತ್ತಿತ್ತ ಆಡಿದರೆ ಬೆರಳು ಹೋದಂತೆಯೇ. ಬೀದಿಯಲ್ಲಿ ಕೋವಿ ಹಾರಿತು. ಕಾಗೆಗಳೆಲ್ಲ ಎದ್ದವು, ಗಾಡಿಯ ಎತ್ತುಗಳು ಬೆದರಿ ನೊಗ ಎಳೆದವು, ಬಾಗಿಲಲ್ಲಿ ನಿಂತಿದ್ದ ಪೊನ್ನಪ್ಪನೂ ಬೆಚ್ಚಿದ. ದೇರಪ್ಪನ ಕಾಲು ಮಾತ್ರ ತಪ್ಪಲಿಲ್ಲ. ಬಲಗೈ ಕಾರ್ಡು ಇಡುತ್ತಿತ್ತು, ಎಡಗೈ ತೆಗೆಯುತ್ತಿತ್ತು. ಎರಡು ಕೈಗೂ ಬಿಡುವಿಲ್ಲದ್ದರಿಂದ ಅವನು ಕೆನ್ನೆಯನ್ನು ಭುಜಕ್ಕೆ ಒತ್ತಿ ಒರೆಸಿಕೊಂಡ. ಒಂದು ಹನಿಯೂ ಕಾರ್ಡಿನ ಮೇಲೆ ಬೀಳಲಿಲ್ಲ.