ಜಿಂಕೆಗೆ ಬಿಟ್ಟ ಇಪ್ಪತ್ತು ಮಾರು

ಆಂಡರ್ಸನ್‌ಪೇಟೆಯ ಅಂಚಿನಲ್ಲಿ, ಗಣಿಮಣ್ಣಿನ ದಿಬ್ಬಗಳು ಮುಗಿದು ಬಯಲು ಶುರುವಾಗುವ ಕಡೆ, ಮುನೇಶ್ವರನ ಕಲ್ಲೊಂದಿದೆ. ಎರಡು ವರ್ಷದ ಹಿಂದೆ ಅಂಜನಮ್ಮ ಅದರ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳು: ಮಗಳು ಕಲ್ಪನಳ ಹೆರಿಗೆ ಸುಸೂತ್ರವಾದರೆ ನಿನ್ನ ಬಯಲಲ್ಲಿ ನೂರೊಂದು ಹೊಂಗೆ ಸಸಿ ನೆಡುತ್ತೇನೆ. ತಾಯಿ, ಮಗು ಕ್ಷೇಮವಾಗಿ ಮನೆಗೆ ಬಂದರು. ಅಂಜನಮ್ಮ ಮಾತಿಗೆ ತಪ್ಪಲಿಲ್ಲ. ಬಿಂದಿಗೆ ಹೊತ್ತು ನೀರೆರೆದಳು, ಒಂದೊಂದು ಸಸಿಗೂ ಅರಿಶಿನದ ಬಟ್ಟೆ ಕಟ್ಟಿದಳು.

ತಪ್ಪಾದದ್ದು ಅಲ್ಲೇ. ಅದು ಜಿಂಕೆಗಳ ದಾರಿ. ಎರಡೂ ಕಡೆ ಲೇಔಟಿನ ಮನೆಗಳೆದ್ದ ಮೇಲೆ, ಮೇಯುವ ಹುಲ್ಲಿನಿಂದ ಕುಂಟೆಯ ನೀರಿಗೆ ಹೋಗಲು ಅವಕ್ಕೆ ಉಳಿದಿದ್ದದ್ದು ಆ ಒಂದು ಪಟ್ಟಿ ಬಯಲು. ಮುಂದೇನಿದೆ ಎಂದು ಕಣ್ಣಿಗೆ ಕಾಣದ ಕಡೆ ಜಿಂಕೆ ಕಾಲಿಡುವುದಿಲ್ಲ. ಹೊಂಗೆ ಎದೆಮಟ್ಟ ಬೆಳೆದು ಒತ್ತಾಗುತ್ತಲೇ ಅವು ಸುತ್ತು ಬಳಸಿ ಕಾಮಸಮುದ್ರದ ರಸ್ತೆ ದಾಟತೊಡಗಿದವು.

ಒಂದು ಸೋಮವಾರ ಬೆಳಿಗ್ಗೆ ರಸ್ತೆಯಂಚಿನಲ್ಲಿ ಗಬ್ಬದ ಜಿಂಕೆಯೊಂದು ಲಾರಿಗೆ ಸಿಕ್ಕಿ ಸತ್ತು ಬಿದ್ದಿತ್ತು. ಅಂಜನಮ್ಮ ಬಂದಾಗ ಪಕ್ಕದ ಮನೆಯ ತಮಿಳಿನ ಸೆಲ್ವಿ ಅದರ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು.

"ಪಾವಂ, ಹೊಟ್ಟೇಲಿ ಮರಿ ಐತೆ ಅಕ್ಕಾ. ಮುಂಚೆ ನಿಮ್ ಸಾಮಿ ಪಕ್ಕದಲ್ಲೇ ಹೋಗ್ತಿದ್ವು. ನೀವು ಕಾಡು ಬೆಳೆಸಿದ್ರಿ, ಇವು ರೋಡಿಗೆ ಬಂದ್ವು."

"ಕಾಡಲ್ಲ ಕಣೇ, ಅರಕೆ ಅದು."

"ಅದು ಜಿಂಕೆಗೆ ಹೆಂಗೆ ತಿಳೀತದೆ?"

ಒಬ್ಬಳ ಹೆರಿಗೆಗೆ ಹೊತ್ತ ಹರಕೆ ಇನ್ನೊಂದು ಬಸುರಿಯ ದಾರಿ ಮುಚ್ಚಿತ್ತು. ಅಂಜನಮ್ಮ ಮನೆಗೆ ಹೋಗದೆ ನೆಟ್ಟಗೆ ಪೂಜಾರಿ ಕೋದಂಡಪ್ಪನ ಬಾಗಿಲಿಗೆ ಹೋಗಿ, ದಾರಿಯ ಸಸಿಗಳನ್ನು ತೆಗೆಯುತ್ತೇನೆ ಎಂದಳು.

"ಕಿತ್ತಾಕ್ತೀಯಾ?" ಕೋದಂಡಪ್ಪ ಎದ್ದು ನಿಂತ. "ಮಗೀಗೆ ಅಂತ ಒತ್ತ ಅರಕೆ ಕಣಮ್ಮ! ನಾಳೆ ಕೂಸು ಕೆಮ್ಮಿದ್ರೆ ನನ್ನತ್ರ ಬರಬ್ಯಾಡ."

"ಕೆಮ್ಮಿದ್ರೆ ಡಾಕ್ಟ್ರತ್ರ ಓಗ್ತೀನಿ ಬುಡು. ಕೀಳಾಕಿಲ್ಲ ಕೋದಂಡಣ್ಣ, ಎತ್ತಿ ಬ್ಯಾರೆ ಕಡೆ ಇಡ್ತೀನಿ. ನೂರೊಂದೂ ಇರ್ತವೆ. ಬೇಕಾದ್ರೆ ಸಾಮಿನೇ ಬಂದು ಎಣಿಸ್ಕೊಳ್ಳಲಿ."

ಮಾತೇನೋ ಗಟ್ಟಿಯಾಗಿಯೇ ಬಂತು. ಆದರೆ ಆ ಸಂಜೆ ಮೊಮ್ಮಗಳನ್ನು ಎತ್ತಿಕೊಂಡಾಗ ಹಾಲುವಾಸನೆಯ ನೆತ್ತಿಗೆ ಮೂಗಿಟ್ಟು ಬಹಳ ಹೊತ್ತು ನಿಂತಳು. ಏನಾದರೂ ಆಗಿಬಿಟ್ಟರೆ?

ಮಾರನೇ ದಿನ ಮಳೆ ಹದವಾಗಿತ್ತು. ಗುದ್ದಲಿ ಹಿಡಿದು ಹೊರಟಳು. ಕಲ್ಲಿನ ಪಕ್ಕದಿಂದ ಎರಡೂ ಕೈ ಚಾಚಿ ಚಾಚಿ ಇಪ್ಪತ್ತು ಮಾರು ಅಳೆದು, ಆ ಅಗಲದೊಳಗಿನ ನಲವತ್ತು ಸಸಿಯನ್ನು ಬೇರಿನ ಮಣ್ಣುಹೆಂಟೆ ಒಡೆಯದಂತೆ ಎತ್ತಿದಳು. ಸೆಲ್ವಿ ಗೋಣಿಚೀಲದಲ್ಲಿ ಸುತ್ತಿ ಎಳೆದಳು. ಮನೆಗಳ ಹಿತ್ತಿಲ ಗೋಡೆಯುದ್ದಕ್ಕೂ, ಜಿಂಕೆ ಸುಳಿಯದ ಕಡೆ, ಮೂರು ದಿನದಲ್ಲಿ ಎಲ್ಲವನ್ನೂ ನೆಟ್ಟು, ಹಳೆಯ ಗುಂಡಿಗಳನ್ನು ನೆಲಸಮ ಮುಚ್ಚಿದರು.

ನಾಲ್ಕನೇ ಬೆಳಿಗ್ಗೆ ಇಬ್ಬರೂ ಕಲ್ಲಿನ ಹಿಂದೆ ಕೂತರು. ಹಿಂಡು ಬಂತು. ಮುಂದೆ ತಿರುಚುಕೊಂಬಿನ ಗಂಡು. ಬಯಲ ಬಾಯಿಗೆ ಬಂದು ನಿಂತಿತು, ಮೂಗರಳಿಸಿತು, ಸರಕ್ಕನೆ ತಿರುಗಿ ರಸ್ತೆಯ ಕಡೆಗೇ ನಡೆಯಿತು.

"ಇನ್ನೇನಂತೆ ಇದಕ್ಕೆ? ಕಾಲು ತೊಳ್ದು ಕರೀಬೇಕಾ?" ಎಂದಳು ಸೆಲ್ವಿ.

ಅಂಜನಮ್ಮ ಬಯಲ ಎರಡೂ ಬದಿ ನೋಡಿದಳು. ಅಕ್ಕಪಕ್ಕದಲ್ಲಿ ಉಳಿದ ಸಸಿಗಳ ಅರಿಶಿನದ ಬಟ್ಟೆಗಳು ಗಾಳಿಗೆ ಪಟಪಟನೆ ಬಡಿಯುತ್ತಿದ್ದವು. ಅವಳೇ ಹೊಲದಲ್ಲಿ ಹಕ್ಕಿ ಬೆದರಿಸಲು ಹೀಗೇ ಬಟ್ಟೆ ಕಟ್ಟಿದವಳು.

ಎದ್ದು ಬಿಚ್ಚತೊಡಗಿದಳು. ಪೂಜೆಗೆ ಬಂದ ಕೋದಂಡಪ್ಪ ಬುಟ್ಟಿ ಹಿಡಿದೇ ನಿಂತುಬಿಟ್ಟ.

"ಅದನ್ನೂನಾ?"

"ಅದನ್ನೂನೇ."

ಗಂಟು ಬಿಗಿದುಹೋಗಿದ್ದಲ್ಲಿ ಹಲ್ಲಿನಿಂದ ಬಿಚ್ಚಿದಳು. ಬಟ್ಟೆಗಳನ್ನೆಲ್ಲ ಒಂದೇ ಗಂಟು ಮಾಡಿ ಮುನೇಶ್ವರನ ಪಾದದಲ್ಲಿಟ್ಟು ಹಣೆ ತಾಗಿಸಿದಳು.

"ಗುರುತಿಲ್ದಿದ್ರೂ ನಿಂಗೆ ಗೊತ್ತಾಯ್ತದೆ ಸಾಮಿ. ಅವಕ್ಕೆ ಗೊತ್ತಾಗಾಕಿಲ್ಲ. ಕೂಸು ನಿಂದು, ನೀನೇ ಕಾಯ್ಬೇಕು."

ಮಾರನೇ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಕೋದಂಡಪ್ಪ ದೀಪ ಹಚ್ಚಿದ್ದ. ಮಂಗಳಾರತಿಗೆ ಗಂಟೆ ಎತ್ತಿದವನ ಕೈ ಅಲ್ಲೇ ನಿಂತಿತು. ಗಂಡುಜಿಂಕೆ ಬಯಲ ನಡುವೆ ಬಂದಿತ್ತು. ಅದರ ಹಿಂದೆ ಒಂದೊಂದಾಗಿ ಹೆಣ್ಣುಗಳು. ಕಟ್ಟಕಡೆಯ ಮರಿ ಹೊಸ ಮಣ್ಣನ್ನು ಮೂಸುತ್ತ ತಡಮಾಡಿತು.

ಅದೂ ಕುಂಟೆಯ ಏರಿ ಇಳಿಯುವವರೆಗೆ ಕೋದಂಡಪ್ಪ ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಇದ್ದ.