ಜ್ವರಕ್ಕೆ ಕೂತ ಮೈಕು

"ಹೆಲೋ, ಹೆಲೋ, ಒನ್, ಟೂ, ತ್ರೀ" ಎಂದು ಆವುಲಪ್ಪ ಆ ಬೆಳಿಗ್ಗೆ ಎಷ್ಟು ಸಲ ಹೇಳಿದ್ದನೆಂದರೆ, ವಜೀರುನ್ನೀಸಾಳ ಅಂಗಳದ ಕೋಳಿಗಳೂ ತ್ರೀವರೆಗೆ ಎಣಿಸಲು ಕಲಿತುಬಿಟ್ಟಿದ್ದವು. ಒಂಬತ್ತು ಗಂಟೆಗೆ ಬಂದವನು "ಐದು ನಿಮಿಷದ ಕೆಲಸ" ಎಂದಿದ್ದ. ಈಗ ಹನ್ನೆರಡೂವರೆ. ಜಪಾನಿನ ಟೇಪ್ ರೆಕಾರ್ಡರು ಹೊಟ್ಟೆ ಬಿಚ್ಚಿಕೊಂಡು ಅವನ ಮಡಿಲಲ್ಲಿ ಮಲಗಿತ್ತು. ಅವನ ಸೈಕಲ್ಲಿನ ಬೀಗದ ಕೈ ವಜೀರುನ್ನೀಸಾಳ ಸೊಂಟದ ಬಟುವಾದಲ್ಲಿತ್ತು.

"ಸರಿ ಮಾಡು, ಕೀ ತಗೋ" ಎಂದಿದ್ದಳು ಆಕೆ. "ಹೋದ ಸಲ ಹಿಂಗೇ ಐದು ನಿಮಿಷ ಅಂತ ಹೇಳಿ ಟೀ ಕುಡಿಯಕ್ಕೆ ಹೋದೋನು ರಂಜಾನಿಗೆ ಬಂದೆ."

ಶಿಡ್ಲಘಟ್ಟದಲ್ಲಿ ಆವುಲಪ್ಪನನ್ನು ಕೂಡಿಹಾಕುವುದೆಂದರೆ ಗಾಳಿಯನ್ನು ಗೋಣಿಚೀಲದಲ್ಲಿ ಕಟ್ಟಿದ ಹಾಗೆ. ಅವನೇ ಹೇಳುವಂತೆ, ವಿದುರಾಶ್ವತ್ಥದ ಒಂದು ಮದುವೆಗೆ ಅವನು ಕಟ್ಟಿದ ಹಾರನ್ನಿಗೆ ಹಿಂದೂಪುರದ ನಾಯಿಗಳು ಬೊಗಳಿದ್ದವು. ಸತ್ತ ರೇಡಿಯೊ ಅವನ ಹೆಜ್ಜೆಯ ಸದ್ದಿಗೇ ವಾರ್ತೆ ಓದುತ್ತಿತ್ತು. ಅಂಥವನು ಒಂದು ಅವರೆಕಾಳಿನಷ್ಟು ಮೈಕಿನ ಮುಂದೆ ಸೋತು ಕೂತಿದ್ದ. ಹಿತ್ತಲಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವ ಎರಡು ಚರಕಗಳು ಕಿರ್ರೋ ಎಂದು ತಿರುಗುತ್ತಿದ್ದವು. ಬೆಂದ ಗೂಡಿನ ವಾಸನೆ ಮೂಗಿನಿಂದ ನೇರ ಮಿದುಳಿಗೆ ಏರುತ್ತಿತ್ತು.

ತೊಂದರೆ ಇಷ್ಟೇ. ವಜೀರುನ್ನೀಸಾಳ ಮಗ ಬಷೀರ್ ಸಮುದ್ರದಾಚೆ ದಮ್ಮಾಮಿನಲ್ಲಿ ಲಾರಿ ಓಡಿಸುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಕಾಗದ ಹೋದರೆ ರೂಮಿನ ಎಂಟು ಜನರಲ್ಲಿ ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ನಗಬೇಕು. ಹಾಗಾಗಿ ಎರಡು ವರ್ಷದಿಂದ ಕಾಗದದ ಬದಲು ಕ್ಯಾಸೆಟ್ಟು. ಈ ಹಜಾರದಲ್ಲಿ, ಈ ಸ್ಟೂಲಿನ ಮೇಲೆ, ರೆಕಾರ್ಡರಿನ ಎದುರಿಗೆ ತಾಯಿ ಕೂತು ಮಾತಾಡುತ್ತಿದ್ದಳು. ಹೆಂಡತಿ ಹಫೀಜಾ ಒಳಕೋಣೆಯ ಪರದೆಯ ಹಿಂದೆ ನಿಂತು ಮಾತಾಡುತ್ತಿದ್ದಳು. ಆಮೇಲೆ ರೆಕಾರ್ಡರು ಅತ್ತೆಯ ಬೀರುವಿಗೆ, ಬೀರುವಿನ ಕೀ ಅದೇ ಬಟುವಾಕ್ಕೆ.

ಹೋದ ವಾರ ಬಷೀರನ ಜವಾಬು ಬಂದಿತ್ತು. ಪರೀಕ್ಷೆಗೆಂದು ಆವುಲಪ್ಪ ಅದನ್ನೇ ಹಾಕಿ ಕೇಳಿದ್ದ. ಅವನ ಉರ್ದು ಗೂಡಿನ ಮಾರುಕಟ್ಟೆಯಲ್ಲಿ ಕಲಿತದ್ದು, ಆದರೂ ಅರ್ಥವಾಯಿತು. "ಅಮ್ಮೀ, ನಿಮ್ಮ ಮಾತು ಎದುರಿಗೆ ಕೂತು ಬೈದ ಹಾಗೆ ಕೇಳಿಸಿತು. ಹಫೀಜಾ ಏನೋ ಹೇಳಿದಳು. ಇರುವೆ ನಡೆದ ಹಾಗಿತ್ತು, ಒಂದು ಮಾತೂ ತಿಳಿಯಲಿಲ್ಲ. ಕೆಲಸದ ವಿಷಯ ಏನೋ, ನೀವು ಹೇಳಿದ ಹಾಗೇ ಮಾಡಿ."

"ಇವಳಿಗೆ ಜಂಗಮಕೋಟೆ ಉರ್ದು ಸ್ಕೂಲಲ್ಲಿ ಟೀಚರ್ ಕೆಲಸ ಬಂದಿದೆ" ಎಂದಳು ವಜೀರುನ್ನೀಸಾ, ಹಲಸಿನ ಬೀಜ ಸುಲಿಯುತ್ತ. ಆಕೆ ಮೆಲ್ಲಗೆ ಹೇಳಿದ್ದು, ಎಂದರೆ ಚಿಂತಾಮಣಿ ಬಸ್ಸು ನಿಲ್ಲುವಷ್ಟು ಮಾತ್ರ. ನಲವತ್ತು ವರ್ಷ ಚರಕದ ಪಕ್ಕ ಮಾತಾಡಿದ ಗಂಟಲು ಅದು. "ನಾನು ಬೇಡ ಅಂದಿಲ್ಲಪ್ಪ. ಗಂಡ ಹೂಂ ಅಂತ ಒಂದು ಟೆಲಿಗ್ರಾಂ ಕೊಡ್ಲಿ, ಹೋಗ್ಲಿ. ಅವನು ಹೂಂ ಅಂದಿಲ್ಲ."

"ಅವನಿಗೆ ಕೇಳ್ಸೇ ಇಲ್ವಲ್ಲಮ್ಮ."

"ಅದಕ್ಕೇ ನಿನ್ನ ಕರೆಸಿರೋದು. ನಮ್ಮ ಬೀದಿ ಅಬ್ದುಲ್ ರಹೀಮ್ ಮೂರು ಗಂಟೆ ಬಸ್ಸಿಗೆ ಹೊರಡ್ತಾನೆ. ಬೊಂಬಾಯಿಂದ ದಮ್ಮಾಮು. ಕ್ಯಾಸೆಟ್ಟು ಅವನ ಕೈಯಲ್ಲೇ ಹೋಗ್ಬೇಕು. ಇದು ಬಿಟ್ರೆ ಇನ್ನು ಎರಡು ತಿಂಗಳು ಯಾರೂ ಹೋಗೋರಿಲ್ಲ."

ಆವುಲಪ್ಪ ಟೇಪು ಉಜ್ಜುವ ಹೆಡ್ಡನ್ನು ಹತ್ತಿಯಿಂದ ಒರೆಸಿದ್ದ, ತಂತಿಯ ಬೆಸುಗೆ ಬಿಚ್ಚಿ ಮತ್ತೆ ಹಾಕಿದ್ದ, ಮೈಕನ್ನೇ ಬದಲಾಯಿಸಿದ್ದ. ಅವನ ದನಿ ಚೆನ್ನಾಗಿ ಬರುತ್ತಿತ್ತು. ಅತ್ತೆಯದು ಸ್ಪೀಕರನ್ನು ಹರಿಯುವ ಹಾಗೆ ಬರುತ್ತಿತ್ತು. ಸೊಸೆಯದು ಮಾತ್ರ ಬಾವಿಯ ತಳದಿಂದ.

"ಇನ್ನೊಂದು ಸಲ ಮಾತಾಡಮ್ಮ ಹಫೀಜಾ" ಎಂದ, ಪರದೆಯ ಕಡೆ ನೋಡದೆ.

ಪರದೆಯ ಹಿಂದೆ ಒಂದು ದನಿ ಶುರುವಾಯಿತು.

"ಜೋರಾಗಿ ಹೇಳೇ, ಸಮುದ್ರ ದಾಟ್ಬೇಕು ಮಾತು" ಎಂದಳು ವಜೀರುನ್ನೀಸಾ.

ದನಿ ಏರಿತು.

"ಅಯ್ಯ, ಇಷ್ಟು ಜೋರಾ? ಬೀದಿಲಿ ಹೋಗೋ ಗಂಡಸರಿಗೆಲ್ಲ ಕೇಳ್ಸಬೇಕಾ?"

ದನಿ ಇಳಿಯಿತು. ಆಮೇಲೆ ನಿಂತೇ ಹೋಯಿತು.

ಆವುಲಪ್ಪ ಟೇಪನ್ನು ಹಿಂದಕ್ಕೆ ಸುತ್ತಿ ಕಿವಿಗೆ ಒತ್ತಿಕೊಂಡು ಕೇಳಿದ. ಹಿತ್ತಲ ಚರಕದ ಸದ್ದು ಸ್ಪಷ್ಟವಾಗಿತ್ತು. ಟೇಪಿನಲ್ಲಿ ವಜೀರುನ್ನೀಸಾ ಬಾಯಿ ತೆರೆದಳು, ಚರಕದ ಸದ್ದು ಮಾಯವಾಯಿತು. ಆಕೆ ಸುಮ್ಮನಾದ ಮೇಲೆ ನಾಲ್ಕೈದು ಉಸಿರಿನಷ್ಟು ಹೊತ್ತು ಹಿಡಿದು ಚರಕ ಮತ್ತೆ ಮೆಲ್ಲಗೆ ಮೇಲೆ ಬಂತು. ಅಷ್ಟರಲ್ಲಿ ಆಕೆ ಇನ್ನೊಮ್ಮೆ ಬಾಯಿ ತೆರೆದಳು.

ಅವನಿಗೆ ತಿಳಿಯಿತು. ಈ ಜಾತಿಯ ರೆಕಾರ್ಡರಿಗೆ ಸದ್ದು ಅಳೆದುಕೊಳ್ಳುವ ಬುದ್ಧಿ ಇರುತ್ತದೆ. ಜೋರು ಸದ್ದು ಬಿದ್ದರೆ ತಾನೇ ಕಿವಿ ಮುಚ್ಚಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ತೆರೆಯುತ್ತದೆ. ಹಫೀಜಾಳ ಮಾತೆಲ್ಲ ಆ ಮುಚ್ಚಿದ ಕಿವಿಯ ಮೇಲೇ ಬೀಳುತ್ತಿತ್ತು. ಮಷೀನಿನಲ್ಲಿ ಏನೂ ಕೆಟ್ಟಿರಲಿಲ್ಲ.

ತಿಳಿದದ್ದೇ ತಪ್ಪಾಯಿತು. ಈಗ ನಿಜ ಹೇಳಬೇಕೆಂದರೆ ವಜೀರುನ್ನೀಸಾಳ ಮುಖಕ್ಕೆ ನೀವು ಬಾಯಿ ಮುಚ್ಚಿ ಎನ್ನಬೇಕು. ಆ ಮಾತನ್ನು ಆಕೆಗೆ ಹೇಳಿದವರು ಯಾರೂ ಆ ಬೀದಿಯಲ್ಲಿ ಬದುಕಿರಲಿಲ್ಲ. ಆಕೆಯ ಗಂಡನೇ ಹೇಳದೆ ತೀರಿಕೊಂಡಿದ್ದ. ಸೈಕಲ್ಲಿನ ಕೀ ಅಲ್ಲೇ, ಕೈಗೆಟಕುವ ದೂರದಲ್ಲಿ, ಆಕೆಯ ಸೊಂಟದಲ್ಲಿ ಜೋತಾಡುತ್ತಿತ್ತು.

ಮಸೀದಿಯಿಂದ ಬಾಂಗು ಕೇಳಿಸಿತು. ಆಕೆ ಬೀಜದ ಮೊರ ಸರಿಸಿ ಎದ್ದಳು. "ನಮಾಜು ಮುಗಿಸಿ ಬರ್ತೀನಿ. ಅಷ್ಟರಲ್ಲಿ ಆಗ್ಬೇಕು."

ಆಕೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಮೇಲೆ ಪರದೆ ಅಲ್ಲಾಡಿತು. ಬಳೆಯ ಸದ್ದು ಮಾತ್ರ ಈಚೆಗೆ ಬಂತು.

"ಅಣ್ಣಾ, ಮೈಕು ಚೆನ್ನಾಗೇ ಇದೆ ಅಲ್ವಾ?"

ಆವುಲಪ್ಪನ ಬಾಯಿಗೆ ಎಂದೂ ಬರದಿದ್ದ ತೊದಲು ಬಂತು. "ಇದೆಯಮ್ಮ" ಎಂದ.

"ನಂಗೊತ್ತು. ಮೂವತ್ತನೇ ತಾರೀಕಿನೊಳಗೆ ಸೇರ್ಬೇಕು. ಇಲ್ದಿದ್ರೆ ಆರ್ಡರು ವಾಪಸ್ಸು. ಹೋದ್ರೆ ಹೋಗ್ಲಿ, ಸರಿ ಆಗ್ಲಿಲ್ಲ ಅಂತ ಹೇಳ್ಬಿಟ್ಟು ಹೋಗಿ ಅಣ್ಣಾ. ಅವರು ಕೀ ಕೊಡ್ತಾರೆ. ನೀವ್ಯಾಕೆ ಸಿಕ್ಕಾಕೊಂಡು ಕೂತಿರ್ತೀರ."

ಆ ದನಿ ಕಡಿಮೆಯಿರಲಿಲ್ಲ. ತಂಬಿಗೆಯಲ್ಲಿ ನೀರು ತುಂಬುವ ಹಾಗೆ ಸ್ಪಷ್ಟವಾಗಿತ್ತು. ಹಿಂದೂಪುರದ ನಾಯಿಗಳನ್ನು ಬೊಗಳಿಸಿದ ಆವುಲಪ್ಪ ಸ್ಕ್ರೂ ಡ್ರೈವರನ್ನು ಸುಮ್ಮನೆ ತಿರುಗಿಸುತ್ತ ಕೂತ.

ವಜೀರುನ್ನೀಸಾ ಬರುವಷ್ಟರಲ್ಲಿ ಅವನು ರೆಕಾರ್ಡರಿನ ಮುಚ್ಚಳ ಹಾಕಿ, ಅದರ ಮೇಲೆ ತನ್ನ ಟವಲು ಹೊದಿಸಿ, ಪಕ್ಕದಲ್ಲಿ ಗಂಭೀರವಾಗಿ ಕೂತಿದ್ದ.

"ಏನಾಯ್ತು?"

"ಮೆಲ್ಲಗೆ" ಎಂದ ಆವುಲಪ್ಪ, ಪಿಸುಗುಟ್ಟಿ. "ಜ್ವರಕ್ಕೆ ಕೂತಿದೆ."

"ಯಾವುದು?"

"ಮೈಕು. ಹೊಸದು ಹಾಕ್ದೆನಲ್ಲ. ನಿಮಗೆ ನಾನೇನು ಹೇಳೋದು, ಹುಳು ಕಂಡೋರು ನೀವು. ಜ್ವರಕ್ಕೆ ಕೂತ ಹುಳಾನ ಏನು ಮಾಡ್ತಾರೆ?"

"ಮುಟ್ಟಬಾರ್ದು" ಎಂದಳು ಆಕೆ, ಅರಿವಿಲ್ಲದೆ ತಾನೂ ದನಿ ತಗ್ಗಿಸಿ. ಆಕೆಯ ತವರು ರೇಷ್ಮೆ ಹುಳು ಸಾಕುವ ಮನೆ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಹಳೆಯ ಚರ್ಮ ಕಳಚಲು ಅಲುಗದೆ ಕೂರುವ ದಿನ ಆ ಮನೆಗೆ ನೆಂಟರೂ ಬರುತ್ತಿರಲಿಲ್ಲ. "ಅಲ್ಲಾಡಿಸಬಾರ್ದು. ಗಲಾಟೆ ಮಾಡಬಾರ್ದು."

"ಅಷ್ಟೇ. ಅರ್ಧ ಗಂಟೆ. ಒಂದೇ ಉಸಿರು, ಒಂದೇ ಸಣ್ಣ ದನಿ, ಬಾಗಿಲು ಹಾಕಿದ ಕೋಣೆ. ಜೋರು ಸದ್ದು ಬಿತ್ತೋ, ಒಡೆದು ಹೋಗುತ್ತೆ. ನಗರಗೆರೆಲಿ ಒಬ್ಬರ ಮನೇಲಿ ಹಿಂಗೇ ಒಡೆದು ಗೋಡೆ ಬಿರುಕು ಬಿಟ್ಟಿತ್ತು."

ವಜೀರುನ್ನೀಸಾ ಅವನನ್ನು ದಿಟ್ಟಿಸಿದಳು. ಆ ನೋಟಕ್ಕೆ ಕಬ್ಬಿಣ ಕಾಯುತ್ತಿತ್ತು. "ಮಷೀನಿಗೆ ಜ್ವರ. ನಾನು ಹುಚ್ಚಿ ಥರ ಕಾಣ್ತೀನಾ ಆವುಲಪ್ಪ?"

"ಒಡೆದ್ರೆ ನನ್ನ ಕೇಳಬೇಡಿ ಆಮೇಲೆ."

"ನನ್ನ ಮಾತು? ನಾನು ಮಗನಿಗೆ ಏನೂ ಹೇಳಬಾರ್ದಾ?"

"ನಿಮಗೆ ಬಿ ಸೈಡು. ಜ್ವರ ಬಿಡ್ಲಿ, ನಿಮ್ಮ ದನಿಗೆ ದಮ್ಮಾಮೇ ಎದ್ದು ನಿಲ್ಲುತ್ತೆ."

ಆಕೆ ಟವಲು ಹೊದ್ದ ರೆಕಾರ್ಡರನ್ನು ನೋಡಿದಳು, ಪರದೆಯನ್ನು ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಚರಕ ನಿಲ್ಲಿಸಲು ಹೇಳಿದಳು. ಹಬ್ಬದ ದಿನ ಬಿಟ್ಟರೆ ಆ ಚರಕಗಳು ಹಗಲು ಹೊತ್ತು ನಿಂತದ್ದನ್ನು ಬೀದಿ ಕಂಡಿರಲಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಯಾರಾದರೂ ಹೋಗಿಬಿಟ್ಟರೋ ಎಂದು ಸನ್ನೆಯಲ್ಲಿ ಕೇಳಿದರು. ಆಕೆ ಸನ್ನೆಯಲ್ಲೇ ಓಡಿಸಿದಳು.

ಆವುಲಪ್ಪ ರೆಕಾರ್ಡರನ್ನು ಪರದೆಯ ಅಂಚಿಗೆ ಇಟ್ಟು ಹಿಂದೆ ಸರಿದ. ಎರಡು ಕೈ ಅದನ್ನು ಎತ್ತಿಕೊಂಡವು. ಬಾಗಿಲು ಮುಚ್ಚಿತು. ಗುಂಡಿ ಒತ್ತಿದ ಸದ್ದು, ಆಮೇಲೆ ಏನೂ ಇಲ್ಲ. ಟೇಪು ಸುಮ್ಮನೆ ಓಡುತ್ತಿದೆ ಎಂದು ಆವುಲಪ್ಪ ಬೆರಳಲ್ಲಿ ನಿಮಿಷ ಎಣಿಸಿದ. ಕೊನೆಗೆ ದನಿ ಶುರುವಾಯಿತು.

ಹೊರಗೆ ಇಬ್ಬರೂ ಎದುರು ಬದುರು ಕೂತರು. ಅರ್ಧ ಗಂಟೆ ಮಾತಾಡದೆ ಕೂರುವುದು ಇಬ್ಬರಿಗೂ ಅದೇ ಮೊದಲು. ಆವುಲಪ್ಪನಿಗೆ ಹೇಳಬೇಕಾದ ಸುಳ್ಳುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತವು. ವಜೀರುನ್ನೀಸಾ ಎರಡು ಸಲ ಬಾಯಿ ತೆರೆದಳು, ಬಾಗಿಲ ಕಡೆ ನೋಡಿ ಮುಚ್ಚಿದಳು. ಬೀಜದ ಸಿಪ್ಪೆಯನ್ನು ಒಂದೊಂದಾಗಿ, ಸದ್ದಾಗದ ಹಾಗೆ, ಮೊರದೊಳಗೆ ಇಡತೊಡಗಿದಳು. ಒಳಗಿನ ಮಾತು ಹೊರಗೆ ಅರ್ಥವಾಗುತ್ತಿರಲಿಲ್ಲ. "ಜಂಗಮಕೋಟೆ" ಎಂಬುದು ಒಂದು ಸಲ ಕೇಳಿಸಿತು. "ಅಮ್ಮೀ" ಎಂಬುದು ಹಲವು ಸಲ. ಆ ಪದ ಬಂದಾಗಲೆಲ್ಲ ವಜೀರುನ್ನೀಸಾಳ ಕೈ ಸಿಪ್ಪೆಯ ಮೇಲೆ ನಿಲ್ಲುತ್ತಿತ್ತು.

ಕ್ಯಾಸೆಟ್ಟಿನ ಎ ಸೈಡು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದದ್ದು ಇಬ್ಬರಿಗೂ ಕೇಳಿಸಿತು. ಬಿ ಸೈಡಿಗೆಂದು ಆಕೆ ನೆಲಕ್ಕೆ ಕೈಯೂರಿ ಅರ್ಧ ಎದ್ದಳು.

ಟೇಪು ನಿಂತರೂ ಒಳಗೆ ದನಿ ನಿಲ್ಲಲಿಲ್ಲ.

ಆಕೆ ಹಾಗೇ, ಎದ್ದೂ ಏಳದೆ, ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಮತ್ತೆ ಕೂತಳು. ಬಟುವಾದ ದಾರ ಸಡಿಲಿಸಿ, ಸೈಕಲ್ಲಿನ ಕೀ ತೆಗೆದು, ನೆಲದ ಮೇಲೆ ಸದ್ದಾಗದಂತೆ ಅವನ ಕಡೆಗೆ ಸರಿಸಿದಳು. ಆವುಲಪ್ಪ ಅದನ್ನು ಮುಟ್ಟಲಿಲ್ಲ. ಮುಚ್ಚಿದ ಬಾಗಿಲ ಆಚೆ ಆ ಸಣ್ಣ ದನಿ ಒಂದೇ ಸಮನೆ, ಜ್ವರದಿಂದೆದ್ದ ಹುಳುಗಳು ತಟ್ಟೆಯ ತುಂಬ ಹಸಿ ಸೊಪ್ಪು ಮೇಯುವ ಹಾಗೆ, ಸರಸರನೆ ಕೇಳಿಸುತ್ತಲೇ ಇತ್ತು.